ಚಾಪೆ ಎತ್ತುವ ಕೈ

ಬೆಳಕು ಹರಿಯುವ ಮುಂಚೆ ಬಂದು ಕೂತೆವು
ಫಲಾನಿಕೊನ ಮನೆಯೆದುರು, ಕರಿ ಹರಳುಗಲ್ಲಿನ ಅಂಗಳದಲ್ಲಿ.
ಸಮೋವಾದ ನಮ್ಮ ಹಳ್ಳಿಯಲ್ಲಿ ಮನೆಗೆ ಗೋಡೆಯಿಲ್ಲ, ಕಂಬಗಳಷ್ಟೆ;
ಸಾವಿನ ಮನೆಯ ದೀಪ ನೇರ ನಮ್ಮ ನೆತ್ತಿಗೇ ಬೀಳುತ್ತಿತ್ತು.
ಸೋದರಮಾವ ಸೊಲೊನಾಯ್ಮ ಒಂದು ಹೊರೆ ಸೌದೆ ತಂದಿದ್ದ,
ಒಲೆಗೆ ಕಾಯಿಸುವ ಕಲ್ಲು ತಂದಿದ್ದ.
ಅದರರ್ಥ ನಮ್ಮ ಕಡೆ ಹಸುಗೂಸಿಗೂ ಗೊತ್ತು:
ಬೇಕಾದರೆ ಹಂದಿಯ ಹಾಗೆ ಸುಟ್ಟುಬಿಡಿ, ಸೌದೆಯೂ ನಮ್ಮದೇ.

ಆಮೇಲೆ ನನ್ನ ಮೇಲೆ ಚಾಪೆ ಹೊದೆಸಿದರು.

ಅಜ್ಜಿ ಎಸೆಟಾ ಒಂಬತ್ತು ವರ್ಷ ನೇಯ್ದ ಚಾಪೆ.
ಮುಂಡುಗದೆಲೆಯನ್ನು ಉಪ್ಪುನೀರಲ್ಲಿ ನೆನೆಸಿ, ಬಿಸಿಲಲ್ಲಿ ಬಿಳಿಚಿಸಿ,
ಉಗುರಿನಿಂದ ನೂಲಿನಷ್ಟು ಸಣ್ಣಗೆ ಸೀಳಿ,
ಅಂಚಿಗೆ ಗಿಳಿಯ ಕೆಂಪು ಗರಿ ಹೊಲಿದದ್ದು.
"ಇಂಥ ನೇಯ್ಗೆ ಕಂಡರೆ ಕಲ್ಲೂ ಕರಗೀತು" ಅಂದಿದ್ದಳು.
ನಾನೂ ಹಾಗೇ ನಂಬಿದ್ದೆ.

ಒಳಗೆ ಕತ್ತಲೆ. ಒಣ ಎಲೆಯ ವಾಸನೆ, ನನ್ನದೇ ಉಸಿರಿನ ವಾಸನೆ.
ಮೊಣಕಾಲಡಿ ಕಲ್ಲು. ಲೆಕ್ಕ ಹಾಕತೊಡಗಿದೆ:
ಹನ್ನೊಂದು ವರ್ಷ ಪ್ರತಿ ಭಾನುವಾರ
ಮುದುಕರನ್ನು ಇಗರ್ಜಿಗೆ ಬಿಟ್ಟಿಯಾಗಿ ಒಯ್ದದ್ದು,
ಚಂಡಮಾರುತ ಹಾರಿಸಿದ ಮಾಡಿಗೆ ನಾನೇ ಹೊತ್ತ ತಗಡು ನಲವತ್ತಾರು,
ಕಾಣಿಕೆ ಹಾಕಿದ್ದು, ಹಾಕಿದ ಮೊತ್ತವನ್ನು ಹೆಸರು ಕೂಗಿಸಿ ಓದಿಸಿದ್ದು,
ಕುಡಿಯದೆ ಇದ್ದದ್ದು. ಅವತ್ತೂ ಕುಡಿದಿರಲಿಲ್ಲ, ದೇವರಾಣೆ,
ಬರೀ ಬಿಸಿಲು ಕಣ್ಣಿಗೆ ಹೊಡೆದಿತ್ತು, ಜೀಗುಜ್ಜೆ ಮರದ ತಿರುವಿನಲ್ಲಿ.
ಒಂದು ತಟ್ಟೆಯಲ್ಲಿ ಇವೆಲ್ಲ.
ಇನ್ನೊಂದರಲ್ಲಿ ಏಳು ವರ್ಷದ ಇಲಾಲಿಯೊ,
ಬಸ್ಸಿನ ಮುಂದಿನ ಚಕ್ರದಡಿ ಸಿಕ್ಕ ಅವನ ಒಂದು ಹವಾಯಿ ಚಪ್ಪಲಿ.
ಆ ತಟ್ಟೆ ಮೇಲೇಳಲೇ ಇಲ್ಲ.

ಹುಂಜ ಕೂಗಿತು. ಯಾರೋ ಪಾತ್ರೆ ತೊಳೆದರು.
ಬಿಸಿಲೇರಿತು; ನೇಯ್ಗೆಯ ಸಂದಿನಿಂದ ಸಾಸಿವೆಯಷ್ಟು, ಸಾಸಿವೆಯಷ್ಟು ಬೆಳಕು.
ಆಗ ಹೊಳೆಯಿತು ಒಂದು ಸಣ್ಣ ಸಂಗತಿ:
ಈ ಚಾಪೆಯನ್ನು ನಾನು ಎತ್ತುವಂತಿಲ್ಲ.
ಅಜ್ಜಿ ಎತ್ತುವಂತಿಲ್ಲ, ಮಾವ ಎತ್ತುವಂತಿಲ್ಲ, ಪಾದ್ರಿಯೂ.
ಎತ್ತಿದರೆ ಅವನೇ ಎತ್ತಬೇಕು,
ಮಗನನ್ನು ಕಳಕೊಂಡವನು.

ಹರಳು ಕರಕರ ಅಂದಿತು.
ಕತ್ತಿಯೋ ಕೈಯೋ, ತಿಳಿಯದೆ ಕತ್ತು ಚಾಚಿದೆ.
ಕೈ.
ಗರಿಯನ್ನಾಗಲಿ ನೇಯ್ಗೆಯನ್ನಾಗಲಿ ಅವನು ನೋಡಲೇ ಇಲ್ಲ;
ಒಂಬತ್ತು ವರ್ಷಗಳನ್ನು ಹಳೇ ದುಪ್ಪಟಿಯ ಹಾಗೆ ಬದಿಗೆ ಸರಿಸಿ
"ಒಳಗೆ ಬಾ, ಬಿಸಿಲು" ಅಂದ.
ಅಷ್ಟೇ. ಅವನ ಕಣ್ಣು ಒದ್ದೆಯಿರಲಿಲ್ಲ, ಕೆಂಪಗಿತ್ತು.
ತಾಯಿ ಕಂಬಕ್ಕೊರಗಿ ನಮಗೆ ಬೆನ್ನು ಮಾಡಿ ಕೂತಿದ್ದಳು.

ಅಲ್ಲಿಗೆ ಮುಗಿಯಬೇಕಿತ್ತು.
ನಾನು ಮುಗಿಯಗೊಡಲಿಲ್ಲ.
ಮರುವಾರ ಹಂದಿ ಒಯ್ದೆ, ಆಮೇಲೆ ವಾರವಾರ ಮೀನು,
ಸೋರುವ ಮೊದಲೇ ಅವನ ಮಾಡು ಹತ್ತಿ ರಿಪೇರಿ ಮಾಡಿದೆ.
ನಾಲ್ಕನೇ ವರ್ಷ ಏಣಿಯ ಕೆಳಗೆ ನಿಂತು ಫಲಾನಿಕೊ ಕೇಳಿದ:
"ಎತ್ತಿದ್ದೇನಲ್ಲ ಮಾರಾಯ,
ಮತ್ತೆ ಮತ್ತೆ ಯಾಕೆ ಹುಡುಕಿ ಹೊದ್ದುಕೊಳ್ಳುತ್ತೀ?"

ಬಾಯಲ್ಲಿ ಮೊಳೆಗಳಿದ್ದವು. ಉತ್ತರ ಹೇಳಲಾಗಲಿಲ್ಲ.

ಮೊಣಕಾಲೂರುವುದು ಸುಲಭ, ಈಗ ಹೇಳಬಲ್ಲೆ.
ಕಷ್ಟ, ಎದ್ದವನು ತಾನು ಎದ್ದಿದ್ದೇನೆಂದು ನಂಬುವುದು.
ಪಾದ್ರಿ ಅದನ್ನು ಕೃಪೆ ಎನ್ನುತ್ತಾರೆ, ಉಚಿತ ಎನ್ನುತ್ತಾರೆ;
ಉಚಿತವಾದದ್ದಕ್ಕೆ ಬರಿಗೈ ಒಡ್ಡಲು ನನಗೆ ಆರು ವರ್ಷ ಹಿಡಿಯಿತು.

ಕಳೆದ ಶುಕ್ರವಾರ ಆ ತಾಯಿ ಬಸ್ಸಿಗೆ ಕೈ ತೋರಿದಳು.
ಮೊದಲ ಸಲ. ಮಡಿಲಲ್ಲಿ ಕೆಸುವಿನ ಗೆಡ್ಡೆಯ ಬುಟ್ಟಿ, ನನ್ನ ಹಿಂದಿನ ಸೀಟು.
ಮಾತಿಲ್ಲ. ಜೀಗುಜ್ಜೆ ಮರದ ತಿರುವಿನಲ್ಲಿ ಗೇರು ಇಳಿಸಿದೆ;
ಅವಳು ಸಮುದ್ರ ನೋಡಿದಳು, ನಾನು ರಸ್ತೆ.
ಸಂತೆಯಲ್ಲಿ ಇಳಿಯುತ್ತ ಐದು ತಾಲಾದ ನೋಟು ಚಾಚಿದಳು.
ಬೇಡ ಅಂದೆ.
"ಬಸ್ಸಿಗೆ ಚಾರ್ಜು ಇರುತ್ತಪ್ಪ," ಅಂದಳು, "ತಗೋ."
ತಗೊಂಡೆ.
ಚಿಲ್ಲರೆ ಎಣಿಸಿ ಅವಳ ಅಂಗೈಗೆ ಹಾಕುವಾಗ
ನನ್ನ ಕೈ ನಡುಗಿತು. ಅವಳದು ನಡುಗಲಿಲ್ಲ.